ಶಾಲೆ ‘ಸಾಲೆ’ ಆದದ್ದೇಕೆ?

ನಮ್ಮ ಹಳ್ಳಿಗಳಲ್ಲಿ ಒಂದು ಮಗು ‘ಸಾಲೆ’ ಎನ್ನುತ್ತದೆ, ಇನ್ನೊಂದು ‘ಇಸ್ಕೂಲು’ ಎನ್ನುತ್ತದೆ. ಕೇಳಿದ ಕೂಡಲೇ ತಿದ್ದಬೇಕೆನಿಸುತ್ತದೆ, ಅಲ್ಲವೇ? ಆದರೆ ಈ ‘ತಪ್ಪು’ಗಳ ಹಿಂದೆ ನಿಯಮವಿದೆ, ಆ ನಿಯಮಕ್ಕೆ ದೀರ್ಘ ಚರಿತ್ರೆಯಿದೆ. ಅದರ ದಾಖಲೆಗಳು ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯಲ್ಲೇ ದೊರೆಯುತ್ತವೆ.

ಕಲ್ಲಿನ ಮೇಲೆ ಎರಡು ಭಾಷೆ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1930ರ ದಶಕದಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಎಣಿಸಲಾಗಿದೆ. ಅದು ಸಂಸ್ಕೃತ ಶ್ಲೋಕದಿಂದ ಆರಂಭವಾಗಿ ಕನ್ನಡಕ್ಕೆ ಹೊರಳುತ್ತದೆ. ಕನ್ನಡ ಭಾಗದಲ್ಲೂ ಸಂಸ್ಕೃತ ಪದಗಳು ತುಂಬಿವೆ. ಆದರೆ ವಾಕ್ಯವನ್ನು ಹಿಡಿದು ನಿಲ್ಲಿಸುವ ಪ್ರತ್ಯಯಗಳೂ ‘ಕೊಟ್ಟಾರ್’ ಎಂಬಂಥ ಕ್ರಿಯಾಪದವೂ ಕನ್ನಡದವು. ಅಂದರೆ ಪದಗಳನ್ನು ಎರವಲು ತಂದರೂ ಚೌಕಟ್ಟು ತನ್ನದೇ! ಎರಡು ಭಾಷೆ ಬಲ್ಲವರ ಮಾತಿನಲ್ಲಿ ಇಂದಿಗೂ ಹೀಗೆಯೇ. ‘ಬಸ್ಸಿನಲ್ಲಿ ಸೀಟು ಸಿಗಲಿಲ್ಲ’ ಎಂಬ ವಾಕ್ಯವನ್ನು ನೋಡಿ. ನಾಮಪದಗಳು ಇಂಗ್ಲಿಷಿನವು, ವ್ಯಾಕರಣ ಕನ್ನಡದ್ದು.

ಹೊಯ್ಸಳರ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಸ್ತುತಿ ಸಂಸ್ಕೃತದಲ್ಲಿ, ಗದ್ದೆ, ಕೆರೆ, ಎಲ್ಲೆಗಳ ವಿವರ ಕನ್ನಡದಲ್ಲಿ. ಊರುಗಳಿಗೂ ಎರಡೆರಡು ಹೆಸರು: ಬೇಲೂರು ವೇಲಾಪುರವೂ ಹೌದು, ಇಂದಿನ ಹಳೇಬೀಡು ಅಂದು ದೋರಸಮುದ್ರ, ದ್ವಾರಸಮುದ್ರ. ಹೆಸರುಗಳು ಬಾಯಿಂದ ಬಾಯಿಗೆ ಸಾಗುತ್ತ ಬದಲಾಗುತ್ತವೆ. ‘ಅರಸಿಯಕೆರೆ’ ಅರಸೀಕೆರೆಯಾಯಿತು. ಶಾಸನದ ‘ಪಲ್ಮಡಿ’ ಹಲ್ಮಿಡಿಯಾಯಿತು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಇದೇ ನಿಯಮದಿಂದ.

ಕೇಶಿರಾಜನ ಪಟ್ಟಿ

ಈ ಬದಲಾವಣೆಗಳನ್ನು ಸೂತ್ರಗಳಲ್ಲಿ ಹಿಡಿದವನು ಕೇಶಿರಾಜ. ಹೊಯ್ಸಳ ಆಸ್ಥಾನದ ಕವಿ ಜನ್ನ ಇವನ ಸೋದರಮಾವ. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ತಳೆಯುವ ರೂಪಗಳಿಗೆ ಒಂದು ಪ್ರಕರಣವೇ ಇದೆ. ಇಂಥ ತದ್ಭವಗಳಲ್ಲಿ ‘ಶ’ಕಾರ ‘ಸ’ಕಾರವಾಗುತ್ತದೆ: ಶಶಿ–ಸಸಿ, ಶಂಕೆ–ಸಂಕೆ. ‘ಯಮ’ ‘ಜವ’ನಾಗುತ್ತಾನೆ. ಇವುಗಳಲ್ಲಿ ಅನೇಕ ಪದಗಳು ಪ್ರಾಕೃತದ ಮೂಲಕ ಬಂದವು. ದಾರಿ ಯಾವುದಾದರೂ ನೆಲೆಸಿದ್ದು ಕನ್ನಡದ ನಾಲಿಗೆಗೆ ಒಗ್ಗಿದ ರೂಪವೇ. ‘ಸಾಲೆ’ ಎನ್ನುವ ಮಗು ಈ ಸಾಲಿಗೇ ಸೇರಿದ್ದು!

ಕೇಶಿರಾಜ ಇನ್ನೊಂದು ಕೆಲಸ ಮಾಡಿದ. ‘ೞ’ಕಾರವುಳ್ಳ ಪದಗಳನ್ನು ಪಟ್ಟಿಮಾಡಿಟ್ಟ. ಆ ವೇಳೆಗೆ ಮಾತಿನಲ್ಲಿ ೞ ಮತ್ತು ಳ ಬೆರೆಯುತ್ತಿದ್ದವು. ಕಿವಿಗೆ ಬೀಳದ ಭೇದವನ್ನು ಪಟ್ಟಿಯಿಂದಲೇ ಕಲಿಯಬೇಕಿತ್ತು.

ಕಿವಿಯ ಜರಡಿ

ಇದಕ್ಕೆ ಆಧುನಿಕ ವಿಜ್ಞಾನ ಏನೆನ್ನುತ್ತದೆ? ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಿ. ಇಂಗ್ಲಿಷ್ ಮಾತಾಡುವ ಮನೆಗಳ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಬೇರೆಬೇರೆಯಾಗಿ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಅಂಥ ಮನೆಗಳ ಹೆಚ್ಚಿನ ಕೂಸುಗಳಿಗೆ ಅದು ಸಾಧ್ಯವಾಗಲಿಲ್ಲ. ಕಿವಿ ಕೆಟ್ಟಿತೆಂದಲ್ಲ. ಮನೆಯ ಮಾತಿಗೆ ಬೇಕಾದ ಭೇದಗಳನ್ನು ಮಿದುಳು ಉಳಿಸಿಕೊಂಡು, ಬೇಡದವನ್ನು ಬದಿಗಿಟ್ಟಿತು. ಎರಡು ಭಾಷೆ ಕೇಳುತ್ತ ಬೆಳೆಯುವ ಮಗು ಎರಡರ ಭೇದಗಳನ್ನೂ ಕಲಿಯಬಲ್ಲದು.

ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ವಿರಳ. ಪದದ ಮೊದಲಲ್ಲಿ ಒತ್ತಕ್ಷರವೂ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದಲೇ ‘ಧನ’ ‘ದನ’ವಾಗುತ್ತದೆ, ‘ಸ್ಕೂಲ್’ ಎಂಬುದು ಮುಂದೊಂದು ‘ಇ’, ಹಿಂದೊಂದು ‘ಉ’ ಪಡೆಯುತ್ತದೆ. ಇದು ಸೋಮಾರಿತನವಲ್ಲ, ದಡ್ಡತನವಂತೂ ಅಲ್ಲ.

ಹಾಗೆಂದು ಬರವಣಿಗೆ ತಿದ್ದಬಾರದೆಂದಲ್ಲ. ‘ಧನ’ ಬರೆಯಬೇಕಾದಲ್ಲಿ ‘ದನ’ ಬರೆದರೆ ಅರ್ಥವೇ ಬೇರೆ. ಆದರೆ ಹತ್ತು ಸಲ ಬರೆಸುವ ಮೊದಲು ಕಿವಿಗೆ ಕೆಲಸ ಕೊಡಿ. ಧನ–ದನ, ಶಾಲೆ–ಸಾಲೆ, ಫಲ–ಪಲ ಇಂಥ ಜೋಡಿಗಳನ್ನು ಬಾಯಿ ಮರೆಮಾಡಿ ಹೇಳಿ. ಯಾವುದೆಂದು ಮಕ್ಕಳು ಗುರುತಿಸಲಿ. ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿದ್ದರೆ ಅವರ ಉತ್ತರಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಯಾವ ಮನೆಮಾತಿನವರಿಗೆ ಯಾವ ಭೇದ ಸುಲಭ, ಯಾವುದು ಕಷ್ಟ? ನಿಮ್ಮ ತರಗತಿಯೇ ಒಂದು ಪ್ರಯೋಗಶಾಲೆ.