ಕಣ್ಣಾರೆ ಕಂಡು ಕೊಳ್ಳುವ ಕಾರು

ಎತ್ತು ಕೊಳ್ಳಲು ದನಗಳ ಜಾತ್ರೆಗೆ ಹೋದ ರೈತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲಷ್ಟೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಕಾರು ಕೊಳ್ಳುವವರ ರೀತಿಯೂ ಇದಕ್ಕಿಂತ ಬಹಳ ಬೇರೆಯೇನಲ್ಲ. ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಾರೆ, ಬಾನೆಟ್ ಎತ್ತಿಸುತ್ತಾರೆ, ಎಂಜಿನ್ ಚಾಲೂ ಮಾಡಿಸಿ ಕಿವಿಗೊಡುತ್ತಾರೆ.

ಆದರೆ ಪ್ಲಗ್ ಸಿಕ್ಕಿಸಿ ಚಾರ್ಜ್ ಮಾಡುವ ವಿದ್ಯುತ್ ಕಾರಿನ ಮುಂದೆ ನಿಂತಾಗ ಈ ಹಳೆಯ ಪರೀಕ್ಷೆಗಳಲ್ಲಿ ಅರ್ಧದಷ್ಟು ಕೈಕೊಡುತ್ತವೆ. ಎಂಜಿನ್ನಿನ ಸದ್ದಿಲ್ಲ. ಹೊಗೆಯ ಬಣ್ಣ ನೋಡೋಣವೆಂದರೆ ಹೊಗೆ ಕೊಳವೆಯೇ ಇಲ್ಲ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ನುಂಗುವ ಬ್ಯಾಟರಿ ಕಾಲಡಿಯ ತಗಡಿನೊಳಗೆ ಅಡಗಿ ಕುಳಿತಿರುತ್ತದೆ. ಹೀಗಿರುವಾಗ ಕೊಳ್ಳುವ ಮುನ್ನ ಕಣ್ಣಾರೆ ನೋಡುವುದರಿಂದ ತಿಳಿಯುವುದೇನು? ಎಷ್ಟು ನೋಡಿದರೂ ತಿಳಿಯದೆ ಉಳಿಯುವುದೇನು? ಈ ಪ್ರಶ್ನೆ ಇಂದಿನದೆಂದು ತೋರಿದರೂ ಅದಕ್ಕೆ ಒಂದೂಕಾಲು ಶತಮಾನದ ಇತಿಹಾಸವಿದೆ.

ಹಲಗೆಯ ರಸ್ತೆಯ ಮೇಲೆ

1900ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಮೆರಿಕದ ಮೊದಲ ದೊಡ್ಡ ಮೋಟಾರು ಪ್ರದರ್ಶನ ನಡೆಯಿತು. ಒಂದು ವಾರದಲ್ಲಿ ಸುಮಾರು 48 ಸಾವಿರ ಜನ ಅದನ್ನು ನೋಡಿದರು. ವಾಹನಗಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸಿದರೆ ಜನ ನಂಬುವುದಿಲ್ಲ ಎಂಬುದು ಸಂಘಟಕರಿಗೆ ಗೊತ್ತಿತ್ತು. ಆದ್ದರಿಂದ ಸಭಾಂಗಣದೊಳಗೇ ಮರದ ಹಲಗೆಗಳ ರಸ್ತೆಯೊಂದನ್ನು ಸುತ್ತಲೂ ಹಾಸಿ ಅದರ ಮೇಲೆ ವಾಹನಗಳನ್ನು ಓಡಿಸಿ ತೋರಿಸಲಾಯಿತು. ಕುದುರೆ ಗಾಡಿಯ ಹೊರತು ಬೇರೇನೂ ಕಂಡಿರದ ಅನೇಕರಿಗೆ, ಕುದುರೆಯಿಲ್ಲದೆ ಗಾಡಿ ಚಲಿಸುತ್ತದೆ, ತಿರುಗುತ್ತದೆ, ಹೇಳಿದಲ್ಲಿ ನಿಲ್ಲುತ್ತದೆ ಎಂಬುದನ್ನು ಕಣ್ಣಿಂದಲೇ ನೋಡಬೇಕಿತ್ತು.

ಆ ಪ್ರದರ್ಶನದಲ್ಲಿ ಉಗಿ, ಪೆಟ್ರೋಲ್ ಮತ್ತು ವಿದ್ಯುತ್ ಎಂಬ ಮೂರು ಬಣಗಳಿದ್ದವು. ಆ ವರ್ಷ ಅಮೆರಿಕದಲ್ಲಿ ತಯಾರಾದ ಸುಮಾರು 4,200 ವಾಹನಗಳಲ್ಲಿ 1,681 ಉಗಿಯವು, 1,575 ವಿದ್ಯುತ್ತಿನವು. ಪೆಟ್ರೋಲ್ ವಾಹನಗಳು ಕೇವಲ 936. ಸಭಾಂಗಣದೊಳಗಿನ ಸ್ಪರ್ಧೆಯಲ್ಲಿ ವಿದ್ಯುತ್ ವಾಹನವನ್ನು ಸೋಲಿಸುವುದು ಕಷ್ಟವಿತ್ತು. ಉಗಿಯ ಗಾಡಿಗೆ ನೀರು ಕಾಯಬೇಕು. ಪೆಟ್ರೋಲ್ ಗಾಡಿಯನ್ನು ಮುಂದಿನ ಹಿಡಿಕೆ ತಿರುವಿ ಎಬ್ಬಿಸಬೇಕು. ಎದ್ದ ಮೇಲೆ ಅದರ ಗದ್ದಲ, ವಾಸನೆ, ನಡುಕಗಳನ್ನು ಸಹಿಸಬೇಕು. ವಿದ್ಯುತ್ ಗಾಡಿಯಾದರೋ ಸನ್ನೆ ಮುಂದೊತ್ತಿದರೆ ಸದ್ದಿಲ್ಲದೆ ಹೊರಡುತ್ತಿತ್ತು. ನೋಡಿ ಮೆಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ವಾಹನ ಇರಲಿಲ್ಲ.

ದಿವಾನಖಾನೆಯಂಥ ಕಾರು

ಈ ಗುಣವನ್ನು ಚೆನ್ನಾಗಿ ದುಡಿಸಿಕೊಂಡ ಕಂಪೆನಿಗಳಲ್ಲಿ 1907ರಿಂದ ಕಾರು ತಯಾರಿಸಿದ ಡೆಟ್ರಾಯಿಟ್ ಎಲೆಕ್ಟ್ರಿಕ್ ಪ್ರಮುಖವಾದುದು. ಅದರ ಕಾರುಗಳ ಒಳಭಾಗ ಪುಟ್ಟ ದಿವಾನಖಾನೆಯಂತಿರುತ್ತಿತ್ತು. ಎದುರುಬದುರು ಮೆತ್ತನೆಯ ಆಸನಗಳು, ದೊಡ್ಡ ಗಾಜಿನ ಕಿಟಕಿಗಳು, ಹೂವಿಡಲು ಪುಟ್ಟ ಹೂದಾನಿ. ಚಕ್ರದ ಬದಲು ಸನ್ನೆಯಿಂದ ದಿಕ್ಕು ತಿರುಗಿಸುವ ವ್ಯವಸ್ಥೆ. ಹಿಡಿಕೆ ತಿರುವುವ ಶ್ರಮವಿಲ್ಲದ ಕಾರಣ ಕಂಪೆನಿ ನಗರದ ಸಿರಿವಂತ ಮಹಿಳೆಯರನ್ನು ಗುರಿಯಾಗಿಟ್ಟುಕೊಂಡು ಮಾರುತ್ತಿತ್ತು. ಪೆಟ್ರೋಲ್ ಕಾರಿನಿಂದ ಜಗತ್ತನ್ನೇ ಗೆದ್ದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದೂ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನೇ. ಆಕೆಯ 1914ರ ಕಾರನ್ನು ಈಗಲೂ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಈ ಕಾರು ಪರೀಕ್ಷೆಯೊಂದರಲ್ಲಿ ಒಂದೇ ಚಾರ್ಜಿನಲ್ಲಿ ಸುಮಾರು 340 ಕಿಲೋಮೀಟರ್ ಓಡಿತ್ತು. ಆದರೆ ಕಂಪೆನಿ ಸಾಮಾನ್ಯ ಬಳಕೆಗೆ ಹೇಳುತ್ತಿದ್ದುದು ಸುಮಾರು 130 ಕಿಲೋಮೀಟರ್ ಮಾತ್ರ. ಪರೀಕ್ಷೆಯ ಅಂಕಿಗೂ ದಿನನಿತ್ಯದ ಅಂಕಿಗೂ ಇರುವ ಅಂತರ ಆಗಿನಿಂದಲೇ ಆರಂಭವಾಯಿತು ಎನ್ನಬಹುದು.

ಮಾರುವ ಮಳಿಗೆಯಲ್ಲಿ ಕಾಣದ ಇನ್ನೂ ಕೆಲವು ಸಂಗತಿಗಳಿದ್ದವು. ಊರಿನ ಆಚೆಗೆ ವಿದ್ಯುತ್ತೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಬೆಲೆ 850 ಡಾಲರ್ ಇದ್ದದ್ದು 1920ರ ದಶಕದಲ್ಲಿ 300ಕ್ಕೂ ಕೆಳಗಿಳಿಯಿತು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅಳವಡಿಸಿದ್ದೇ ತಡ, ಹಿಡಿಕೆ ತಿರುವುವ ಕಷ್ಟವೂ ಮಾಯವಾಯಿತು. ನೋಡಿದಾಗ ಗೆಲ್ಲುತ್ತಿದ್ದ ಕಾರು ದೂರದ ದಾರಿಯಲ್ಲಿ ಸೋತಿತು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕುಂಟುತ್ತಾ 1939ರವರೆಗೆ ನಡೆದು ಬಾಗಿಲು ಮುಚ್ಚಿತು.

ಹತ್ತು ಸಾವಿರ ಕರೆಗಳು

ಅರ್ಧ ಶತಮಾನದ ಬಳಿಕ, 1990ರ ಜನವರಿಯಲ್ಲಿ, ಲಾಸ್ ಏಂಜಲೀಸ್ ಮೋಟಾರು ಪ್ರದರ್ಶನದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ‘ಇಂಪ್ಯಾಕ್ಟ್’ ಎಂಬ ವಿದ್ಯುತ್ ಕಾರಿನ ಮಾದರಿಯನ್ನು ಜನರ ಮುಂದಿಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯದ ವಾಯು ಸಂಪನ್ಮೂಲ ಮಂಡಳಿ, 1998ರಿಂದ ದೊಡ್ಡ ಕಂಪೆನಿಗಳು ಅಲ್ಲಿ ಮಾರುವ ಕಾರುಗಳಲ್ಲಿ ಶೇಕಡ 2ರಷ್ಟು ಹೊಗೆಯನ್ನೇ ಉಗುಳದವು ಆಗಿರಬೇಕೆಂದು ನಿಯಮ ಮಾಡಿತು.

ಜನರಿಗೆ ಇಂಥ ಕಾರು ಬೇಕೇ? ಇದನ್ನು ತಿಳಿಯಲು ಸಂಸ್ಥೆ 1994ರಲ್ಲಿ ಕೆಲವು ಇಂಪ್ಯಾಕ್ಟ್ ಕಾರುಗಳನ್ನು ಸಾಮಾನ್ಯ ಚಾಲಕರ ಕೈಗೆ ಒಂದೆರಡು ವಾರಗಳ ಮಟ್ಟಿಗೆ ಕೊಡುವ ಯೋಜನೆ ಹಾಕಿತು. ಲಾಸ್ ಏಂಜಲೀಸಿನಲ್ಲಿ ಸುಮಾರು 80 ಮಂದಿ ಮುಂದೆ ಬಂದಾರು ಎಂಬ ಎಣಿಕೆಯಿತ್ತು. ಹತ್ತು ಸಾವಿರ ಕರೆ ಬಂದ ಮೇಲೆ ದೂರವಾಣಿ ಸಂಪರ್ಕವನ್ನೇ ಮುಚ್ಚಬೇಕಾಯಿತು. ನ್ಯೂಯಾರ್ಕಿನಲ್ಲಿ 14 ಸಾವಿರ ಮಂದಿ ಕರೆ ಮಾಡಿದರು. ಜಾಹೀರಾತು ಓದುವುದಕ್ಕಿಂತ ಮನೆಗೆ ಒಯ್ದು ಓಡಿಸಿ ನೋಡುವುದೇ ಮೇಲು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1996ರ ಕೊನೆಗೆ ಈ ಕಾರು ‘ಇವಿ1’ ಎಂಬ ಹೆಸರಿನಲ್ಲಿ ಹೊರಬಂತು. ಆದರೆ ಯಾರಿಗೂ ಅದನ್ನು ಕೊಳ್ಳುವ ಅವಕಾಶವಿರಲಿಲ್ಲ. ಬಾಡಿಗೆ ಕರಾರಿನ ಮೇಲೆ ಮಾತ್ರ ಕೊಡಲಾಗುತ್ತಿತ್ತು. ಒಟ್ಟು 1,117 ಕಾರುಗಳು ತಯಾರಾದವು. 2003ರಲ್ಲಿ ಯೋಜನೆ ನಿಂತಾಗ, ಕೊಳ್ಳುತ್ತೇವೆಂದು ಬಳಕೆದಾರರು ಅಂಗಲಾಚಿದರೂ ಸಂಸ್ಥೆ ಕಾರುಗಳನ್ನು ಹಿಂದಕ್ಕೆ ಪಡೆದು ಬಹುತೇಕ ಎಲ್ಲವನ್ನೂ ಪುಡಿಗಟ್ಟಿತು. ಕೆಲವು ವಸ್ತುಸಂಗ್ರಹಾಲಯ ಸೇರಿದವು. ನೋಡಿ, ಓಡಿಸಿ, ಮೆಚ್ಚಿದವರಿಗೂ ಕಾರು ದಕ್ಕಲಿಲ್ಲ.

ಬೆಂಗಳೂರಿನ ರೇವಾ

ಭಾರತದಲ್ಲಿ ಸಾಮಾನ್ಯ ಗ್ರಾಹಕ ಪ್ಲಗ್ ಕಾರನ್ನು ಹತ್ತಿರದಿಂದ ನೋಡಿದ್ದು ಬೆಂಗಳೂರಿನ ಬೀದಿಗಳಲ್ಲಿ. ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪೆನಿಯ ಸಹಯೋಗದಲ್ಲಿ 1994ರಲ್ಲಿ ಆರಂಭವಾದ ಯತ್ನ 2001ರಲ್ಲಿ ‘ರೇವಾ’ ಆಗಿ ರಸ್ತೆಗಿಳಿಯಿತು. ಇದರ ಹಿಂದಿದ್ದ ಚೇತನ್ ಮೈನಿ ವಿದ್ಯಾರ್ಥಿಯಾಗಿದ್ದಾಗ, 1990ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರು ತಂಡದಲ್ಲಿದ್ದವರು.

ರೇವಾ ಕಾರಿನ ಉದ್ದ ಸುಮಾರು 2.6 ಮೀಟರ್. ಬಾಗಿಲು ಎರಡೇ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಆಸನದಡಿಯಲ್ಲಿ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಮನೆಯ 15 ಆಂಪ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸುಮಾರು ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜ್. ಖರ್ಚಾಗುವ ವಿದ್ಯುತ್ ಸುಮಾರು 9 ಯೂನಿಟ್, ಓಡುವ ದೂರ 80 ಕಿಲೋಮೀಟರ್ ಎಂದು ಕಂಪೆನಿ ಹೇಳುತ್ತಿತ್ತು. ಕ್ಲಚ್ ಇಲ್ಲ, ಗಿಯರ್ ಬದಲಿಸುವ ಗೋಜಿಲ್ಲ. ಹೊರಮೈ ಪ್ಲಾಸ್ಟಿಕ್ಕಿನದು, ಸಣ್ಣಪುಟ್ಟ ತಾಗುವಿಕೆಗೆ ಜಗ್ಗುತ್ತಿರಲಿಲ್ಲ.

ಅಂಕಿಗಳಲ್ಲಿ ಇದೆಲ್ಲ ನಗರ ಜೀವನಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಭಾರತದ ಮಧ್ಯಮ ವರ್ಗದ ಕುಟುಂಬಕ್ಕೆ ಕಾರೆಂದರೆ ಅಜ್ಜಿ, ಮಕ್ಕಳು, ಸೂಟ್‌ಕೇಸು ಸಮೇತ ಊರಿಗೆ ಹೋಗಿಬರುವ ವಾಹನ. ಹಿಂದಿನ ಆಸನದತ್ತ ಒಮ್ಮೆ ಕಣ್ಣು ಹಾಯಿಸಿದವರಿಗೆ ಲೆಕ್ಕ ತಾನೇ ತಿಳಿಯುತ್ತಿತ್ತು. ಒಂದೇ ಕಾರು ಕೊಳ್ಳಬಲ್ಲ ಮನೆಗೆ ಅದು ಸಾಲದು. ಎರಡನೆಯ ಕಾರು ಕೊಳ್ಳಬಲ್ಲ ಮನೆಗಳು ಆಗ ಹೆಚ್ಚಿರಲಿಲ್ಲ.

ರೇವಾಗೆ ಹೆಸರು ಬಂದದ್ದು ಲಂಡನ್ನಿನಲ್ಲಿ. ಅಲ್ಲಿ 2003ರ ಫೆಬ್ರವರಿಯಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಿನಕ್ಕೆ 5 ಪೌಂಡ್ ಶುಲ್ಕ ಹಾಕಿದರು. ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. 2004ರಲ್ಲಿ ಬೆಂಗಳೂರಿನ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಆದರೆ ಯುರೋಪಿನ ನಿಯಮದಲ್ಲಿ ಅದು ಕಾರಲ್ಲ, ಹಗುರ ನಾಲ್ಕು ಚಕ್ರದ ವಾಹನ. ಹಾಗಾಗಿ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ಅಲ್ಲಿ ನಡೆದ ಪರೀಕ್ಷೆಗಳು ಅದರ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆ ಎತ್ತಿದವು. ಮಳಿಗೆಯಲ್ಲಿ ಎಷ್ಟು ಹೊತ್ತು ನಿಂತು ನೋಡಿದರೂ ಈ ಒಂದು ವಿಷಯ ಗ್ರಾಹಕನಿಗೆ ಕಾಣುವಂಥದ್ದಲ್ಲ. ಎಲ್ಲ ದೇಶಗಳೂ ಸೇರಿ ಮಾರಾಟವಾದ ರೇವಾ ಕಾರುಗಳು ನಾಲ್ಕು ಸಾವಿರಕ್ಕೂ ಹೆಚ್ಚು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪೆನಿಯ ಬಹುಪಾಲು ಷೇರು ಕೊಂಡಿತು.

ತೋರಿಸಿದ್ದೊಂದು, ಬಂದದ್ದೊಂದು

ಪ್ರದರ್ಶನದಲ್ಲಿ ಕಂಡದ್ದೇ ಮನೆಗೆ ಬರುತ್ತದೆಂಬ ಭರವಸೆಯೂ ಇಲ್ಲ. 2007ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಷೆವರ್ಲೆ ‘ವೋಲ್ಟ್’ ಮಾದರಿ ಕಾಣಿಸಿಕೊಂಡಿತು. ಪ್ಲಗ್‌ನಿಂದ ಚಾರ್ಜ್ ಆಗಿ ಮೊದಲು ವಿದ್ಯುತ್ತಿನಿಂದ ಓಡುವುದು, ಅದು ಮುಗಿದ ಮೇಲೆ ಪೆಟ್ರೋಲ್ ಎಂಜಿನ್ನಿನ ನೆರವು ಪಡೆಯುವುದು ಇದರ ತಂತ್ರ. ಉದ್ದನೆಯ ಮೂತಿ, ತಗ್ಗಿದ ಚಾವಣಿ ನೋಡಿ ಜನ ಮರುಳಾದರು. ಆದರೆ ಆ ಆಕಾರಕ್ಕೆ ಗಾಳಿಯ ತಡೆ ಹೆಚ್ಚು. ಗಾಳಿಯ ತಡೆ ಹೆಚ್ಚಾದರೆ ಒಂದು ಚಾರ್ಜಿಗೆ ಓಡುವ ದೂರ ಕಡಿಮೆ. 2008ರ ಸೆಪ್ಟೆಂಬರ್‌ನಲ್ಲಿ ತಯಾರಿಕೆಗೆ ಸಿದ್ಧವಾದ ಕಾರನ್ನು ತೋರಿಸಿದಾಗ ಅದು ಬಹುಮಟ್ಟಿಗೆ ಬೇರೆಯೇ ಕಾರಾಗಿತ್ತು.

2010ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ ವೋಲ್ಟ್ ಒಳಗೆ ಕುಳಿತವರಿಗೆ ಇನ್ನೊಂದು ಸಂಗತಿ ತಿಳಿಯಿತು. ಅದರ ಬ್ಯಾಟರಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಕಾರಿನ ನಟ್ಟನಡುವೆ ಚಾಚಿಕೊಂಡಿತ್ತು. ಹೀಗಾಗಿ ಹಿಂದೆ ಮೂವರ ಬದಲು ಇಬ್ಬರಿಗೇ ಜಾಗ. ಇಬ್ಬರು ಮಕ್ಕಳ ಸಂಸಾರಕ್ಕೆ ಇದು ಲೆಕ್ಕಕ್ಕೆ ಬಾರದಿರಬಹುದು, ಮೂವರು ಮಕ್ಕಳಿದ್ದರೆ ಕಾರೇ ಬೇಡವಾಗುತ್ತದೆ. ಒಮ್ಮೆ ಬಾಗಿಲು ತೆರೆದು ಕೂತರೆ ಕ್ಷಣದಲ್ಲಿ ತಿಳಿಯುವ ಮಾತಿದು.

ನೋಡದೆ ಕಟ್ಟಿದ ಮುಂಗಡ

ಇಷ್ಟಾದರೂ ನೋಡದೆ ಹಣ ಕಟ್ಟುವವರು ಯಾವ ಕಾಲದಲ್ಲೂ ಇದ್ದಾರೆ. 1983ರಲ್ಲಿ ಮಾರುತಿ 800 ಕಾರಿಗೆ ಬುಕಿಂಗ್ ತೆರೆದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿ ತಲಾ 10 ಸಾವಿರ ರೂಪಾಯಿ ಮುಂಗಡ ಕಟ್ಟಿದರು. ಮೊದಲ ಕಾರು ಹೊರಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಆಯ್ಕೆಯೇ ಇಲ್ಲದ ಮಾರುಕಟ್ಟೆಯಲ್ಲಿ ನೋಡುವ ಹಟಕ್ಕೆ ಬೆಲೆಯಿರಲಿಲ್ಲ.

2016ರ ಮಾರ್ಚ್ 31ರಂದು ಅಮೆರಿಕದಲ್ಲಿ ಟೆಸ್ಲಾ ಮಳಿಗೆಗಳ ಮುಂದೆ ಜನ ಸಾಲುಗಟ್ಟಿದರು. ಸಂಜೆ ‘ಮಾಡೆಲ್ 3’ ಕಾರನ್ನು ಅನಾವರಣಗೊಳಿಸುವ ಹೊತ್ತಿಗೇ 1.15 ಲಕ್ಷ ಮಂದಿ ತಲಾ ಸಾವಿರ ಡಾಲರ್ ಕಟ್ಟಿಯಾಗಿತ್ತು. ಭಾರತದಿಂದಲೂ ಬುಕಿಂಗ್‌ಗಳು ಹೋದವು. ಇತ್ತ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ತಯಾರಕರು ನೇರವಾಗಿ ಕಾರು ಮಾರಬಾರದೆಂಬ ಕಾನೂನಿನಿಂದಾಗಿ ವಿಚಿತ್ರ ಸ್ಥಿತಿ ಉಂಟಾಗಿತ್ತು. ಅಲ್ಲಿ ಟೆಸ್ಲಾ ಮಳಿಗೆಗಳು 2010ರ ದಶಕದಲ್ಲಿ ‘ಗ್ಯಾಲರಿ’ಗಳಾಗಿದ್ದವು. ಬಂದವರು ಕಾರು ನೋಡಬಹುದಿತ್ತು, ಒಳಗೆ ಕೂರಬಹುದಿತ್ತು. ಸಿಬ್ಬಂದಿ ಮಾತ್ರ ಬೆಲೆ ಹೇಳುವಂತಿರಲಿಲ್ಲ, ಓಡಿಸಲು ಕೊಡುವಂತಿರಲಿಲ್ಲ.

ಟೆಸ್ಲಾದ ಭಾರತೀಯ ಕಂಪೆನಿ ನೋಂದಣಿಯಾದದ್ದು 2021ರ ಜನವರಿಯಲ್ಲಿ, ಬೆಂಗಳೂರಿನಲ್ಲಿ. ಆದರೆ ಭಾರತದ ಮೊದಲ ಟೆಸ್ಲಾ ಷೋರೂಂ ತೆರೆದದ್ದು 2025ರ ಜುಲೈ 15ರಂದು, ಮುಂಬೈಯಲ್ಲಿ. ಅಲ್ಲಿ ಮಾರಾಟಕ್ಕಿಟ್ಟದ್ದು ‘ಮಾಡೆಲ್ ವೈ’. ಒಂಬತ್ತು ವರ್ಷಗಳ ಹಿಂದೆ ಮಾಡೆಲ್ 3ಕ್ಕೆಂದು ಇಲ್ಲಿಂದ ಮುಂಗಡ ಕಟ್ಟಿದವರು ಕಾದದ್ದೇ ಬೇರೆ, ಬಂದದ್ದೇ ಬೇರೆ.

ಕಾಣುವುದು, ಕಾಣದ್ದು

ಈ ಇತಿಹಾಸದಿಂದ ಇಂದಿನ ಗ್ರಾಹಕ ಕಲಿಯುವುದೇನು? ನೋಡಿದರೆ ತಿಳಿಯುವ ಸಂಗತಿಗಳು ಕೆಲವಿವೆ. ಬ್ಯಾಟರಿ ನೆಲದಡಿ ಇರುವುದರಿಂದ ಹಲವು ಕಾರುಗಳಲ್ಲಿ ಕಾಲಿಡುವ ಜಾಗ ಮೇಲಕ್ಕೇರಿ, ಹಿಂದೆ ಕೂತವರ ಮಂಡಿ ಎತ್ತರಕ್ಕೆ ಬರುತ್ತದೆ. ಮಂಡಿ ನೋವಿನ ಹಿರಿಯರನ್ನು ಕರೆದೊಯ್ದು ಹತ್ತಿಸಿ ಇಳಿಸಿ ನೋಡಬೇಕು. ಚಾರ್ಜಿಂಗ್ ಕೇಬಲ್ ಎಷ್ಟು ಉದ್ದ, ಕಾರಿನ ಯಾವ ಬದಿಗೆ ಸಿಕ್ಕಿಸಬೇಕು, ಮನೆಯ ಮುಂದಿನ ಜಾಗಕ್ಕೆ ಅದು ಒಗ್ಗುತ್ತದೆಯೇ ಎಂಬುದನ್ನೂ ನೋಡಬೇಕು. ಕಾಲು ಎತ್ತಿದೊಡನೆ ಮೋಟಾರೇ ಬ್ರೇಕಿನಂತೆ ವೇಗ ತಗ್ಗಿಸುವ ಗುಣ ಕೆಲವರಿಗೆ ಹಿತ, ಕೆಲವರಿಗೆ ತಲೆಸುತ್ತು. ಇದು ಓಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಕಾಣದ ಸಂಗತಿಗಳನ್ನು ಕೇಳಿ ತಿಳಿಯಬೇಕು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿಗೆ ಪ್ರಮಾಣಪತ್ರದಲ್ಲಿ 312 ಕಿಲೋಮೀಟರ್ ಎಂದಿತ್ತು. ಇಂಥ ಅಂಕಿಗಳು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ ಕಾರು ಓಡಿಸಿ ಪಡೆದವು. ಏರು ರಸ್ತೆ, ಹೆದ್ದಾರಿಯ ವೇಗ, ಎ.ಸಿ., ನಾಲ್ಕು ಜನರ ಭಾರ ಸೇರಿದಾಗ ದೂರ ಗಣನೀಯವಾಗಿ ಇಳಿಯುತ್ತದೆ. ಬ್ಯಾಟರಿಯ ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಸಾಮರ್ಥ್ಯ ಕುಸಿದರೆ ಬದಲಿಸಿಕೊಡುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. ಡಿಕ್ಕಿ ಪರೀಕ್ಷೆಯ ಫಲಿತಾಂಶ ಕೇಳಬೇಕು. ಬಹುಮಹಡಿ ಕಟ್ಟಡದಲ್ಲಿ ಇರುವವರು ಕಾರಿಗಿಂತ ಮೊದಲು ತಮ್ಮ ಪಾರ್ಕಿಂಗ್ ಜಾಗದ ಗೋಡೆಯನ್ನು ನೋಡುವುದು ಒಳ್ಳೆಯದು. ಅಲ್ಲಿಗೆ ಸಾಕೆಟ್ ಎಳೆಸಲು ಸಂಘದ ಒಪ್ಪಿಗೆ ಸಿಗುತ್ತದೆಯೇ ಎಂಬುದು ಎಷ್ಟೋ ಮನೆಗಳಲ್ಲಿ ಕಾರಿನ ಬಣ್ಣಕ್ಕಿಂತ ದೊಡ್ಡ ಪ್ರಶ್ನೆ.

1900ರ ಹಲಗೆ ರಸ್ತೆಯ ಮೇಲೆ ವಿದ್ಯುತ್ ಕಾರು ಸೊಗಸಾಗಿಯೇ ಓಡಿತ್ತು. ಅದರ ಹಣೆಬರಹ ತೀರ್ಮಾನವಾದದ್ದು ಸಭಾಂಗಣದ ಹೊರಗಿನ ರಸ್ತೆಗಳಲ್ಲಿ. ಇಂದು ಕೊಳ್ಳುವವರೂ ಷೋರೂಮಿನ ನುಣುಪು ನೆಲ ಬಿಟ್ಟು, ತಾವು ದಿನವೂ ಓಡಾಡುವ ದಾರಿಯಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಮ್ಮೆ ಓಡಿಸಿ ನೋಡುವುದು ಲೇಸು.