ಆಕ್ಸಲ್ ಮಾತ್ರ ಉಕ್ಕಿನದು

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ನನ್ನ ಎಕ್ಸ್‌ಪಲ್ಸ್ ಬೈಕಿನಿಂದ ಬಿಚ್ಚಿದ ಉಕ್ಕಿನ ಬೋಲ್ಟುಗಳ ತೂಕ 620 ಗ್ರಾಂ. ಅವುಗಳ ಜಾಗಕ್ಕೆ ಹೊರದೇಶದಿಂದ ತರಿಸಿದ ಟೈಟೇನಿಯಂ ಬೋಲ್ಟುಗಳದು 350 ಗ್ರಾಂ. ಉಳಿದದ್ದು 270 ಗ್ರಾಂ, ಹೋದದ್ದು ಹದಿನಾಲ್ಕು ಸಾವಿರ ರೂಪಾಯಿ. ಬೈಕೇ ನೂರೈವತ್ತು ಕಿಲೋ ಮೀರಿದ್ದು, ಅದರ ಮೇಲೆ ಕೂರುವವನ ತೂಕ ಕೇಳಬೇಡಿ. ಗಚ್ಚಿಬೌಲಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಲೆಕ್ಕ ಕೇಳಿದ ಗೆಳೆಯನೊಬ್ಬ, ‘ಒಂದು ವಾರ ರಾತ್ರಿ ಬಿರಿಯಾನಿ ಬಿಟ್ಟಿದ್ದರೆ ಪುಕ್ಕಟೆ ಆಗುತ್ತಿತ್ತಲ್ಲೋ’ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆದರೂ ತರಿಸಿದ್ದೆ. ವಿಕಾರಾಬಾದಿನ ಅನಂತಗಿರಿ ಗುಡ್ಡದ ಕೆಸರಿನಲ್ಲಿ ಒಂದು ಮಳೆಗಾಲ ಓಡಿಸಿದರೆ ಸಾಕು, ಉಕ್ಕಿನ ಬೋಲ್ಟುಗಳ ತಲೆಗೆ ತುಕ್ಕು ಹತ್ತಿ ಪಾನಾ ಜಾರತೊಡಗುತ್ತದೆ. ಟೈಟೇನಿಯಂಗೆ ತುಕ್ಕಿಲ್ಲ. ಅದರ ಮೈಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ಆಕ್ಸೈಡಿನ ತೆಳು ಪೊರೆಯೇ ಅದಕ್ಕೆ ಕವಚ. ವಿದ್ಯುತ್ತು ಹಾಯಿಸಿ ಆ ಪೊರೆಯನ್ನು ಹೆಚ್ಚು ಕಡಿಮೆ ದಪ್ಪ ಮಾಡಿದರೆ ಬಣ್ಣವೇ ಹಾಕದೆ ನೀಲಿ, ನೇರಳೆ, ಹೊಂಬಣ್ಣ ಬರುತ್ತದೆ. ಈ ನೀಲಿಗೆ ನಾನು ಮರುಳಾದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಬೋಲ್ಟುಗಳನ್ನು ಕೂರಿಸಲು ನಾನು ಹೋದದ್ದು ಸಂತೋಷನಗರದ ಕಾಕಾನ ಮನೆಗೆ. ನಮ್ಮ ಚಿಂಚೋಳಿ ಕಡೆಯವರು, ನಮ್ಮಪ್ಪನಿಗೆ ದೂರದ ನೆಂಟರು. ಎಪ್ಪತ್ತರ ದಶಕದಲ್ಲಿ ಹೈದರಾಬಾದಿಗೆ ಬಂದು, ಕಂಚನ್‌ಬಾಗ್‌ನ ಕಾರ್ಖಾನೆಯೊಂದರ ಲೇತ್ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಯಾವ ಕಾರ್ಖಾನೆ, ಅಲ್ಲಿ ಏನು ಮಾಡಿದಿರಿ ಎಂದರೆ ‘ಕಡೀತಿದ್ವಿ’ ಎಂದಷ್ಟೇ ಹೇಳುತ್ತಾರೆ. ‘ನಮ್ಮಪ್ಪಗ ಇದು ರಾಜಧಾನಿ, ನನಗ ನೌಕರಿ ಊರು’ ಎನ್ನುವುದು ಅವರ ಇನ್ನೊಂದು ಮಾತು. 1956ರ ವಿಂಗಡಣೆಗೆ ಮೊದಲು ಕಲಬುರಗಿ, ಬೀದರ್, ರಾಯಚೂರುಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆ ಅರ್ಥದಲ್ಲಿ. ಅವರ ಮನೆಯ ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಗ್ರೈಂಡರು, ಒಂದು ವೈಸು, ಮತ್ತು ಬಟ್ಟೆ ಹೊದ್ದ ಹಳೆಯ ಯೆಜ್ಡಿ.

ಕಾಕಾ ಪೊಟ್ಟಣ ಬಿಚ್ಚಿ ಬೋಲ್ಟುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಕುಣಿಸಿ ನೋಡಿದರು. ಬೇರೆ ಅಂಗಡಿಯಿಂದ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ್ದ, ಬ್ರೇಕ್ ಕ್ಯಾಲಿಪರಿಗೆಂದು ಇಟ್ಟಿದ್ದ ನಾಲ್ಕು ನೀಲಿ ಬೋಲ್ಟುಗಳ ಸರದಿ ಬಂದಾಗ ಕೈ ನಿಂತಿತು.

‘ತಮ್ಮಾ, ಇವು ಭಾಳ ಹಗುರ ಆದವಲ್ಲ?’

‘ಹಗುರ ಇರೋದಕ್ಕೇ ತರ್ಸೀನ್ರೀ ಕಾಕಾ.’

‘ಇಷ್ಟು ಹಗುರ ಇರೂದಿಲ್ಲ ಅದು.’

ಗ್ರೈಂಡರ್ ಹಚ್ಚಿ, ಮೊದಲು ಒಳ್ಳೆಯದೆಂದು ಒಪ್ಪಿದ್ದ ಬೋಲ್ಟಿನ ತುದಿಯನ್ನು ಕಲ್ಲಿಗೆ ಮುಟ್ಟಿಸಿದರು. ಕಣ್ಣು ಕೋರೈಸುವ ಬಿಳಿ ಕಿಡಿ. ಉಕ್ಕಿನ ಕಿಡಿ ಹಳದಿ, ಕಿತ್ತಳೆ; ಇದು ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಬೆಳ್ಳಗೆ. ಆಮೇಲೆ ನೀಲಿ ಬೋಲ್ಟು ಮುಟ್ಟಿಸಿದರು. ಒಂದು ಕಿಡಿಯೂ ಇಲ್ಲ. ‘ಅಲ್ಯೂಮಿನಿಯಂ. ನನ್ನ ಕಲ್ಲು ಮೆತ್ತಿಕೊಂಡು ಹಾಳಾಯ್ತು’ ಎಂದು ಬೈದರು. ಟೈಟೇನಿಯಂ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು, ಉಕ್ಕಿನದು ಎಂಟರ ಹತ್ತಿರ, ಅಲ್ಯೂಮಿನಿಯಂದು 2.7. ಇದು ಪುಸ್ತಕದಲ್ಲಿರುವ ಲೆಕ್ಕ. ಅಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲವಾದ್ದರಿಂದ ನಾನು ಮನೆಯಲ್ಲಿ ಮಾಡಿದ್ದ ಫ್ರಿಜ್ ಮ್ಯಾಗ್ನೆಟ್ಟಿನ ಪರೀಕ್ಷೆ ಏನನ್ನೂ ಹೇಳಿರಲಿಲ್ಲ. ಆ ನಾಲ್ಕು ಬೋಲ್ಟುಗಳು ಇಳಿಜಾರಿನಲ್ಲಿ ನನ್ನ ಮುಂದಿನ ಬ್ರೇಕನ್ನು ಹಿಡಿದುಕೊಳ್ಳಬೇಕಿತ್ತು.

ಈ ಲೋಹದ ಕಥೆ ಶುರುವಾಗುವುದು ಕರಿಮರಳಿನಲ್ಲಿ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಪಾದ್ರಿ ವಿಲಿಯಂ ಗ್ರೆಗರ್ ಅಲ್ಲಿನ ತೊರೆಯೊಂದರ ಕಪ್ಪು ಮರಳಿನಲ್ಲಿ ಹೊಸ ಧಾತುವೊಂದನ್ನು ಗುರುತಿಸಿದ. 1795ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಕ್ಲಾಪ್ರೋತ್ ಅದನ್ನೇ ಬೇರೊಂದು ಅದಿರಿನಲ್ಲಿ ಕಂಡು, ಗ್ರೀಕ್ ಪುರಾಣದ ಟೈಟನ್ನರ ಹೆಸರಿಟ್ಟ. ಹೆಸರು ಬಂದರೂ ಲೋಹ ಕೈಗೆ ಬರಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಾದ ಟೈಟೇನಿಯಂ ಗಾಳಿಯಲ್ಲಿನ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿಕೊಂಡು ಹಪ್ಪಳದ ಹಾಗೆ ಮುರಿಯುವಂತಾಗುತ್ತದೆ. ಗಾಳಿ ಸೋಕದಂತೆ, ಮೆಗ್ನೀಸಿಯಂ ಬಳಸಿ ಅದನ್ನು ಬೇರ್ಪಡಿಸುವ ದಾರಿಯನ್ನು ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ಕಂಡುಕೊಂಡದ್ದು 1930ರ ದಶಕದ ಕೊನೆಗೆ. ಅಮೆರಿಕದ ಡ್ಯುಪಾಂಟ್ ಮಾರಾಟಕ್ಕೆ ತಯಾರಿಸಿದ್ದು 1948ರಲ್ಲಿ. ಆಮೇಲೆ ಅದು ಹೋದದ್ದೆಲ್ಲ ಯುದ್ಧವಿಮಾನಗಳಿಗೆ.

ಮೋಟಾರ್ ಸೈಕಲ್ಲಿಗೆ ಅದು ಬಂದ ಪ್ರಸಂಗ ಸ್ವಾರಸ್ಯದ್ದು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯ ಸವಾರ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ 500 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್. ಮಣ್ಣಿನ ಹಾದಿಯಲ್ಲಿ ಗೆಲ್ಲಬೇಕಾದರೆ ಹಗುರವೇ ಸರಿ ಎಂದು ನಂಬಿದ ಕಂಪನಿ 1966ಕ್ಕೆ ಅವನಿಗಾಗಿ ಟೈಟೇನಿಯಂ ಚೌಕಟ್ಟಿನ ಬೈಕನ್ನೇ ಕಟ್ಟಿತು. ಉಕ್ಕಿನ ಚೌಕಟ್ಟು ರೇಸಿನ ನಡುವೆ ಬಿರುಕು ಬಿಟ್ಟರೆ ಯಾವ ಹಳ್ಳಿಯ ವೆಲ್ಡಿಂಗ್ ಅಂಗಡಿಯವನೂ ಬೆಸೆದುಕೊಟ್ಟಾನು. ಟೈಟೇನಿಯಂ ಹಾಗಲ್ಲ; ಆರ್ಗಾನ್ ಅನಿಲದ ಮರೆಯಿಲ್ಲದೆ ಬೆಸೆದರೆ ಬೆಸುಗೆಯೇ ಒಡೆಯುತ್ತದೆ. ಆ ವರ್ಷದ ಕಿರೀಟ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಪಾಲಾಯಿತು. ಅವನು ಓಡಿಸಿದ್ದು ಚೆಕೊಸ್ಲೊವಾಕಿಯಾದ ಸೀಜೆಡ್ ಬೈಕು, ಅಂದರೆ ಜಾವಾದ ದೇಶಬಂಧು. ಅದೇ ಹೊತ್ತಿಗೆ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ನಕ್ಷೆಗಳನ್ನಿಟ್ಟುಕೊಂಡು ಉಕ್ಕಿನ ಗಟ್ಟಿ ಬೈಕುಗಳನ್ನು ಮಾಡುತ್ತಿತ್ತು. 1961ರಲ್ಲಿ ಶುರುವಾದ ಆ ಕಾರ್ಖಾನೆ 1973ರಿಂದ ತನ್ನ ಬೈಕಿಗೆ ಯೆಜ್ಡಿ ಎಂದು ಹೆಸರಿಟ್ಟು 1996ರವರೆಗೆ ನಡೆಯಿತು. ಕಾಕಾನ ಶೆಡ್ಡಿನಲ್ಲಿರುವುದು ಆ ಸಂತತಿಯದೇ. ಅದರಲ್ಲಿ ಟೈಟೇನಿಯಂ ಹೋಗಲಿ, ಅಲ್ಯೂಮಿನಿಯಂ ಕೂಡ ಲೆಕ್ಕಕ್ಕೆ ತಕ್ಕಷ್ಟೇ.

ಇಂದು ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ಮೋಟೋಕ್ರಾಸ್ ನಿಯಮಗಳಲ್ಲಿ ಚೌಕಟ್ಟು, ಮುಂದಿನ ಫೋರ್ಕು, ಹ್ಯಾಂಡಲ್, ಚಕ್ರದ ಆಕ್ಸಲ್, ಇವುಗಳಿಗೆ ಟೈಟೇನಿಯಂ ನಿಷಿದ್ಧ. ನಟ್ಟು ಬೋಲ್ಟುಗಳಿಗೆ ಮಾತ್ರ ಅನುಮತಿ. ಕಂಪನಿಗಳು ಬೇರೆ ದಾರಿ ಹುಡುಕಿಕೊಂಡಿವೆ: ಹೋಂಡಾ 2017ರ ಸಿಆರ್‌ಎಫ್ 450 ಬೈಕಿಗೆ ಟೈಟೇನಿಯಂ ಪೆಟ್ರೋಲ್ ಟ್ಯಾಂಕನ್ನೇ ಹಾಕಿತು. ಬೀದಿಯಲ್ಲಿ ಓಡಿಸುವ ನನಗೆ ಆ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿಯೇ ನನ್ನ ಪೊಟ್ಟಣದ ತಳದಲ್ಲಿ ಹಿಂದಿನ ಚಕ್ರಕ್ಕೆಂದು ತರಿಸಿದ ಟೈಟೇನಿಯಂ ಆಕ್ಸಲ್ ಒಂದಿತ್ತು. ಹದಿನಾಲ್ಕು ಸಾವಿರದಲ್ಲಿ ಅದನ್ನು ಸೇರಿಸಿಲ್ಲ. ಮನೆಯಲ್ಲಿ ಈ ಲೇಖನ ಓದುವವರಿದ್ದಾರೆ.

ಕಾಕಾ ಅದನ್ನು ಬಹಳ ಹೊತ್ತು ಹಿಡಿದುಕೊಂಡರು. ಉಗುರಿನಿಂದ ಥ್ರೆಡ್ಡು ಸವರಿದರು. ಬೆಳಕಿಗೆ ಹಿಡಿದು ಲೇತ್ ಗೀರುಗಳನ್ನು ನೋಡಿದರು. ಅದರ ಮೇಲೆ ಮಿಶ್ರಲೋಹದ ಗುರುತಾಗಲಿ ಪರೀಕ್ಷೆಯ ಮುದ್ರೆಯಾಗಲಿ ಇರಲಿಲ್ಲ.

‘ಮಾಲು ಖರೇ ಅದ. ಆದರ ನಾ ಹಾಕೂದಿಲ್ಲ.’

‘ಯಾಕ್ರೀ ಕಾಕಾ? ಉಕ್ಕಿನಷ್ಟೇ ಗಟ್ಟಿ ಅಂತಾರಲ್ಲ?’

‘ಗಟ್ಟಿ ಅದ. ಬಿಗಿ ಇಲ್ಲ. ಮುರಿಯೂದು ಬ್ಯಾರೆ, ಬಾಗೂದು ಬ್ಯಾರೆ.’

ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತದ್ದು ಆ ಒಂದು ಮಾತಿನಲ್ಲಿತ್ತು. ಒಂದೇ ಅಳತೆಯ ಸರಳಿಗೆ ಒಂದೇ ಭಾರ ಹೇರಿದರೆ ಟೈಟೇನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು ಬಾಗುತ್ತದೆ. ಸಾಲದ್ದಕ್ಕೆ, ಉಜ್ಜಾಟದಲ್ಲಿ ಅದರ ಮೈ ಬೇಗ ಕಿತ್ತು ಎದುರಿನ ಲೋಹಕ್ಕೆ ಅಂಟಿಕೊಳ್ಳುತ್ತದೆ. ಗ್ರೀಸಿಲ್ಲದೆ ಬಿಗಿದ ಟೈಟೇನಿಯಂ ಬೋಲ್ಟು ಮತ್ತೆ ಬಿಚ್ಚಲಾರದಂತೆ ಕಚ್ಚಿಕೊಳ್ಳುವುದು ಇದಕ್ಕೇ. ಕಾಕಾ ಬಾಡಿ ಪ್ಯಾನೆಲ್ಲು, ಇಂಜಿನ್ ಕವರು, ತಳದ ಗಾರ್ಡು, ಇವುಗಳ ಬೋಲ್ಟುಗಳಿಗೆಲ್ಲ ಗ್ರೀಸು ಸವರಿ, ಟಾರ್ಕ್ ರೆಂಚ್ ಹಿಡಿದು ಅಳೆದು ಬಿಗಿದರು. ಕ್ಯಾಲಿಪರಿಗೂ ಆಕ್ಸಲ್ಲಿಗೂ ಕಂಪನಿಯ ಉಕ್ಕನ್ನೇ ವಾಪಸು ಹಾಕಿದರು. ನಾನು ವಾದಿಸಲಿಲ್ಲ.

ಕೆಲಸ ಮುಗಿದ ಮೇಲೆ ಚಹಾ ಕುಡಿಯುತ್ತ ಅವರು ಹೇಳಿದ್ದು ನನಗೆ ಆಕ್ಸಲ್ಲಿಗಿಂತ ಹೆಚ್ಚು ನಾಟಿತು. ‘ಮೂವತ್ತು ವರ್ಷ ಇದನ್ನ ಕಡದೀನಿ ತಮ್ಮಾ. ಕಡಿಯೂ ಮುಂದ ಉದುರಿದ ಚೂರೂ ತೂಗಿ ವಾಪಸು ಕೊಡಬೇಕಿತ್ತು. ಮನೀಗೆ ಒಂದು ಗ್ರಾಂ ತಂದಾಂವಲ್ಲ. ನಿಮ್ಮ ಕಾಕಿಗೆ ತೋರಸಾಕ ಸುದ್ದಾ ಇರಲಿಲ್ಲ.’ ಒಳಗಿಂದ ಕಾಕಿಯನ್ನು ಕರೆದು ಅವರ ಕೈಗೆ ಒಂದು ಬೋಲ್ಟು ಇಟ್ಟರು. ಕಾಕಿ, ‘ಇಷ್ಟss?’ ಎಂದರು.

ಆ ಲೋಹ ಈ ಊರಿಗೆ ಬಂದದ್ದು ಹೀಗೆ. ರಕ್ಷಣಾ ಸಂಶೋಧನೆಯ ಲೋಹಶಾಸ್ತ್ರ ಪ್ರಯೋಗಾಲಯ ಡಿಎಂಆರ್‌ಎಲ್ ಇಲ್ಲಿದೆ. 1970ರಲ್ಲಿ ಭಾರತ್ ಡೈನಮಿಕ್ಸ್, 1971ರಲ್ಲಿ ಪರಮಾಣು ಇಂಧನ ಸಂಕೀರ್ಣ, 1973ರಲ್ಲಿ ಮಿಶ್ರ ಧಾತು ನಿಗಮ. ಕೊನೆಯದನ್ನು ಎಲ್ಲರೂ ಮಿಧಾನಿ ಎನ್ನುತ್ತಾರೆ. ಕಂಚನ್‌ಬಾಗ್‌ನ ಬಸ್ಸುಗಳ ಬೋರ್ಡಿನಲ್ಲಿ ಓದಿ ಎಷ್ಟೋ ಕಾಲ ಅದೊಂದು ಬಡಾವಣೆಯ ಹೆಸರೆಂದೇ ತಿಳಿದಿದ್ದೆ. ಮೈಸೂರಿನಲ್ಲಿ ಯೆಜ್ಡಿ ಎಂಬ ಹೆಸರು ಹುಟ್ಟಿದ ವರ್ಷವೇ ಹೈದರಾಬಾದಿನಲ್ಲಿ ಇದರ ನೋಂದಣಿ. ರಾಕೆಟ್, ಕ್ಷಿಪಣಿ, ವಿಮಾನಗಳಿಗೆ ಬೇಕಾದ, ಹೊರಗಿನವರು ಕೊಡಲೊಪ್ಪದ ಮಿಶ್ರಲೋಹಗಳನ್ನು ನಾವೇ ಮಾಡಿಕೊಳ್ಳಬೇಕೆಂಬುದು ಅದರ ಹಿಂದಿನ ಹಟ. ವಿಚಿತ್ರವೆಂದರೆ ಕೇರಳದ ಕಡಲತಡಿಯಲ್ಲಿ ಗ್ರೆಗರ್ ಕಂಡಂಥದೇ ಕರಿಮರಳು, ಇಲ್ಮನೈಟ್, ರಾಶಿ ರಾಶಿ ಬಿದ್ದಿದ್ದರೂ ಅದರಿಂದ ತೆಗೆಯುವ ಟೈಟೇನಿಯಂ ಸ್ಪಂಜನ್ನು ಬಹುಕಾಲ ಹೊರಗಿನಿಂದ ತರಿಸಿ ಇಲ್ಲಿ ಕರಗಿಸುತ್ತಿದ್ದರು. ಡಿಎಂಆರ್‌ಎಲ್ ರೂಪಿಸಿದ ವಿಧಾನದಲ್ಲಿ ಕೇರಳದ ಚವರದಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಸ್ಪಂಜು ಘಟಕ ಶುರುವಾದದ್ದು 2011ರಲ್ಲಿ. ಸ್ಪಂಜನ್ನು ಒತ್ತಿ ದಿಮ್ಮಿ ಮಾಡಿ, ನಿರ್ವಾತದ ಕುಲುಮೆಯಲ್ಲಿ ವಿದ್ಯುತ್ ಕಿಡಿಯಿಂದ ಕರಗಿಸುತ್ತಾರೆ. ಗಾಳಿ ಒಳಗೆ ಬರಬಾರದು ಎನ್ನುವುದೇ ಇಡೀ ವಿದ್ಯೆ. ಇಷ್ಟೆಲ್ಲ ಆಗುವ ಊರಿನಲ್ಲಿ ಕುಳಿತು ನಾನು ಬೋಲ್ಟುಗಳನ್ನು ಸಾಗರದಾಚೆಯಿಂದ ತರಿಸಿದ್ದೆ. ಸಿಕಂದರಾಬಾದಿನ ರಾಣಿಗಂಜ್‌ನ ಹಾರ್ಡ್‌ವೇರ್ ಸಾಲಿನಲ್ಲಿ ಕೇಳಿದ್ದಕ್ಕೆ, ‘ಸ್ಟೇನ್‌ಲೆಸ್ ಲೇ ಲೋ ಭಾಯ್’ ಎಂದಿದ್ದರು.

ಗಾಳಿ ಬರದ ಹಾಗೆ ಮುಚ್ಚಿ ಲೋಹ ಕಾಯಿಸುವುದು ಈ ಸೀಮೆಗೆ ಹೊಸದಲ್ಲ. ಕ್ಲಾಪ್ರೋತ್ ಟೈಟೇನಿಯಂಗೆ ಹೆಸರಿಟ್ಟ ಅದೇ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಭಾರತದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಓದಿದ. ‘ವೂಟ್ಜ್’ ಎಂದು ಅದರ ಹೆಸರು. ನಮ್ಮ ‘ಉಕ್ಕು’ ಪದವೇ ಬಾಯಿಂದ ಬಾಯಿಗೆ ದಾಟುತ್ತ ಹಾಗಾಯಿತೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆತ ಅದನ್ನು ಬಾಂಬೆಯಲ್ಲಿ ತಯಾರಾಗುವ ಉಕ್ಕು ಎಂದು ಶೀರ್ಷಿಕೆಯಲ್ಲೇ ಬರೆದುಬಿಟ್ಟ. ಹುಟ್ಟಿದ್ದು ಎಲ್ಲೋ, ಹಡಗು ಹತ್ತಿದ ಊರಿನ ಹೆಸರೇ ಅಂಟಿತು. ವಲಸೆ ಬಂದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಅಂಥ ಉಕ್ಕಿನ ದೊಡ್ಡ ನೆಲೆಗಳಲ್ಲಿ ಒಂದು ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ. ಭೂವಿಜ್ಞಾನಿ ಹೆನ್ರಿ ವಾಯ್ಸಿ 1820ರ ಸುಮಾರಿಗೆ ಅಲ್ಲಿ ನಿಂತು ನೋಡಿ ಬರೆದ ವರದಿ, ಆತ ತೀರಿಕೊಂಡ ಮೇಲೆ 1832ರಲ್ಲಿ ಅಚ್ಚಾಯಿತು. ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುವುದು. ಆ ಗಟ್ಟಿಗಳನ್ನು ಕೊಳ್ಳಲು ಪರ್ಷಿಯಾದ ವರ್ತಕರು ಅಲ್ಲಿಯವರೆಗೆ ಬರುತ್ತಿದ್ದರು. ಡಮಾಸ್ಕಸ್ ಕತ್ತಿಯ ಹೆಸರಾದದ್ದು ಇಂಥ ಉಕ್ಕಿನಿಂದ. 19ನೇ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಕಾರ್ಖಾನೆ ಉಕ್ಕಿನ ಮುಂದೆ ಕುಲುಮೆಗಳು ಆರಿದವು. 2010ರಲ್ಲಿ ಬೆಂಗಳೂರಿನ ನಿಯಾಸ್ ಸಂಸ್ಥೆಯ ಶಾರದಾ ಶ್ರೀನಿವಾಸನ್ ಮತ್ತು ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಗಿಲ್ ಜೂಲೆಫ್ ಅವರ ತಂಡ ಉತ್ತರ ತೆಲಂಗಾಣದ ಈ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು.

ಹೊಸ ಬೋಲ್ಟುಗಳ ಬೈಕಿನಲ್ಲಿ ನಾನು ಮೊದಲು ಹೋದದ್ದು ಅಲ್ಲಿಗೇ. ಮೇಡ್ಚಲ್, ಕಾಮಾರೆಡ್ಡಿ, ಆರ್ಮೂರು ದಾಟಿ ಪೂರ್ವಕ್ಕೆ ತಿರುಗಿದರೆ ಅರಿಶಿನ, ಜೋಳದ ಹೊಲಗಳು. ಕೊನೆಯ ದಾರಿ ಮಣ್ಣಿನದು. 270 ಗ್ರಾಂ ಕಡಿಮೆಯಾದದ್ದು ನನಗೆ ಒಂದು ಉಬ್ಬಿನಲ್ಲೂ ಗೊತ್ತಾಗಲಿಲ್ಲ. ಊರ ಅಂಚಿನಲ್ಲಿ ಹಿರಿಯರೊಬ್ಬರು ನನ್ನ ಹರುಕು ತೆಲುಗನ್ನು ಸಹಿಸಿಕೊಂಡು ಒಂದು ಬದು ತೋರಿಸಿದರು. ಮಣ್ಣಿನಲ್ಲಿ ಗಾಜಿನ ಹಾಗೆ ಹೊಳೆಯುವ ಕರಿ ತುಣುಕುಗಳು, ಮೂಸೆಯ ಚೂರುಗಳು. ಒಂದನ್ನೆತ್ತಿ ನೋಡಿ, ಫೋಟೋ ತೆಗೆದು, ಇದ್ದಲ್ಲೇ ಇಟ್ಟೆ.

ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ಕಾಕಾನ ಫೋನು ಬಂತು. ದಾರಿ ಹೇಗಿತ್ತು, ಬೋಲ್ಟು ಸಡಿಲಾದವೇ, ಏನನ್ನೂ ಕೇಳಲಿಲ್ಲ.

‘ಕೈಯಾಗ ಹಿಡದ್ಯಾ?’

‘ಹಿಡದೆರೀ ಕಾಕಾ.’

‘ಭಾರ ಹ್ಯಾಂಗಿತ್ತು?’

ಕಂಡದ್ದಕ್ಕಿಂತ ಹಗುರ ಇತ್ತು ಎಂದೆ.