ಬಿಳುಪಿನ ಹಂಬಲ: ಪಾರ್ಥೆನಾನ್ ಶಿಲ್ಪಗಳ ಮೈತೊಳೆದ ಚರಿತ್ರೆ

ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳು ಕ್ರಿ.ಪೂ. 447ರಿಂದ 432ರ ನಡುವೆ ರೂಪುಗೊಂಡವು. ಅವುಗಳ ಕಲ್ಲು ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ. ಅದರಲ್ಲಿ ಕಬ್ಬಿಣದ ಅಂಶ ಕೊಂಚ ಬೆರೆತಿರುವುದರಿಂದ ಗಾಳಿಮಳೆಗೆ ಮೈಯೊಡ್ಡಿದಂತೆಲ್ಲ ಕಲ್ಲು ಜೇನುಬಣ್ಣಕ್ಕೆ ತಿರುಗುತ್ತದೆ. ಮೂಲದಲ್ಲಿ ಈ ಶಿಲ್ಪಗಳಿಗೆ ಬಣ್ಣವನ್ನೂ ಬಳಿದಿದ್ದರು. ಐರಿಸ್ ದೇವತೆಯ ಸೊಂಟಪಟ್ಟಿಯಲ್ಲಿ ‘ಈಜಿಪ್ಟಿನ ನೀಲಿ’ಯ ಕಣಗಳು ಉಳಿದಿರುವುದನ್ನು ಸಂಶೋಧಕ ಜೊವಾನ್ನಿ ವೆರ್ರಿ 2009ರಲ್ಲಿ ತೋರಿಸಿಕೊಟ್ಟರು. ಬಣ್ಣ ಮಾಸಿ, ಕಲ್ಲು ಹೊಂಬಣ್ಣಕ್ಕೆ ತಿರುಗಿದ ಈ ಶಿಲ್ಪಗಳು ಅಚ್ಚಬಿಳುಪಾಗಿ ನಿಂತ ಕಾಲವೇ ಇಲ್ಲವೆನ್ನಬಹುದು. ಆದರೂ ಲಂಡನ್ನಿಗೆ ಹೋದ ಭಾಗಗಳನ್ನು ಬೆಳ್ಳಗಾಗಿಸುವ ಯತ್ನ ಶತಮಾನಕ್ಕೂ ಮಿಕ್ಕಿ ನಡೆಯಿತು. ಅದರಿಂದಾದ ಹಾನಿಗೆ ಸಾಮಾನ್ಯವಾಗಿ ಉಳಿ, ಉಜ್ಜುಕಲ್ಲುಗಳನ್ನು ದೂರುತ್ತೇವೆ. ನನ್ನ ದೃಷ್ಟಿಯಲ್ಲಿ ತಪ್ಪು ಅದಕ್ಕೂ ಮೊದಲೇ ಆಗಿತ್ತು: ಕಲ್ಲಿನ ಮೈಯಲ್ಲಿ ಏನಿದೆ ಎಂದು ಅರಿಯುವ ಮುನ್ನವೇ ಅದು ಯಾವ ಬಣ್ಣದಲ್ಲಿರಬೇಕೆಂದು ತೀರ್ಮಾನಿಸಲಾಗಿತ್ತು.

ಆ ತೀರ್ಮಾನದ ಹಿಂದೆ ಹದಿನೆಂಟನೆಯ ಶತಮಾನದ ಅಭಿರುಚಿಯಿತ್ತು. ಜರ್ಮನ್ ಕಲಾಚರಿತ್ರೆಕಾರ ವಿಂಕೆಲ್‌ಮನ್ 1764ರ ತಮ್ಮ ಪ್ರಾಚೀನ ಕಲಾಚರಿತ್ರೆಯಲ್ಲಿ ದೇಹ ಬೆಳ್ಳಗಿದ್ದಷ್ಟೂ ಚೆಲುವು ಹೆಚ್ಚು ಎಂಬ ವಿಚಾರವನ್ನು ಮುಂದಿಟ್ಟರು; ಕಲಾಶಾಲೆಗಳ ಪ್ಲಾಸ್ಟರ್ ಪ್ರತಿಗಳು ಅದನ್ನು ಕಣ್ಣಿಗೆ ರೂಢಿ ಮಾಡಿಸಿದವು. ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ ಅಥೆನ್ಸಿನಿಂದ ತಂದ ಶಿಲ್ಪಗಳನ್ನು 1816ರಲ್ಲಿ ಬ್ರಿಟಿಷ್ ಸರ್ಕಾರ ಕೊಂಡು ಬ್ರಿಟಿಷ್ ಮ್ಯೂಸಿಯಂನಲ್ಲಿ ಇರಿಸಿತು. ಲಂಡನ್ನಿನ ಕಲ್ಲಿದ್ದಲ ಹೊಗೆ ಅವುಗಳ ಮೇಲೆ ಕೂರತೊಡಗಿದಾಗ ರಸಾಯನಶಾಸ್ತ್ರಜ್ಞ ಮೈಕೆಲ್ ಫ್ಯಾರಡೆಯ ಸಲಹೆ ಕೇಳಲಾಯಿತು. ನೀರು, ಕ್ಷಾರ, ಕೊನೆಗೆ ತೆಳುವಾದ ನೈಟ್ರಿಕ್ ಆಮ್ಲವನ್ನೂ ಪ್ರಯೋಗಿಸಿದ ಅವರು, ಬಯಸಿದ ಬಿಳುಪು ಮರಳದೆಂದು 1857ರ ಪತ್ರದಲ್ಲಿ ಒಪ್ಪಿಕೊಂಡರು. ಆಮ್ಲಕ್ಕೆ ಅಮೃತಶಿಲೆ ಕರಗುತ್ತದೆ ಎಂಬುದು ಫ್ಯಾರಡೆಯಂಥವರಿಗೆ ಹೊಸ ಸಂಗತಿಯಲ್ಲ. ತಿಳಿದವರೂ ಆ ಹಂತಕ್ಕೆ ಹೋದರು ಎಂದಮೇಲೆ ಬಿಳುಪಿನ ಒತ್ತಡ ಎಷ್ಟಿತ್ತೆಂದು ಊಹಿಸಬಹುದು.

ಆ ಒತ್ತಡ ಅತಿರೇಕಕ್ಕೆ ಹೋದದ್ದು 1937–38ರಲ್ಲಿ. ಕಲಾವ್ಯಾಪಾರಿ ಲಾರ್ಡ್ ಡುವೀನ್ ಹಣ ಕೊಟ್ಟು ಕಟ್ಟಿಸುತ್ತಿದ್ದ ಮ್ಯೂಸಿಯಂನ ಹೊಸ ಗ್ಯಾಲರಿಗೆ ಬೆಳ್ಳನೆಯ ಶಿಲ್ಪಗಳು ಬೇಕಿದ್ದವು. ಕೆಲಸಗಾರರು ತಾಮ್ರದ ಉಪಕರಣಗಳಿಂದ ಕೆರೆದರು, ಕಾರ್ಬೊರಂಡಂ ಎಂಬ ಉಜ್ಜುಕಲ್ಲಿನಿಂದ ಉಜ್ಜಿದರು. 1938ರ ಸೆಪ್ಟೆಂಬರಿನಲ್ಲಿ ಮ್ಯೂಸಿಯಂನ ನಿರ್ದೇಶಕ ಜಾನ್ ಫೋರ್ಸ್‌ಡೈಕ್ ಕಣ್ಣಿಗೆ ಬಿದ್ದು ಕೆಲಸ ನಿಂತಿತು. ಅಷ್ಟರಲ್ಲಿ ಸೂರ್ಯದೇವ ಹೀಲಿಯೊಸ್, ಚಂದ್ರದೇವಿ ಸೆಲೀನಿಯ ಕುದುರೆ, ಐರಿಸ್ ಮುಂತಾದ ಶಿಲ್ಪಗಳ ಹೊಂಗಂದು ಪದರ ಹಲವೆಡೆ ಕಿತ್ತುಹೋಗಿತ್ತು. ಆ ಪದರವನ್ನು ಕೊಳೆ ಎಂದುಕೊಂಡದ್ದೇ ಅನಾಹುತ. ಅದು ಬರಿಯ ಮಸಿಯಲ್ಲ; ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವಿರುತ್ತದೆ. ಅದರಡಿಯಲ್ಲಿ ಶಿಲ್ಪಿಯ ಉಳಿಯ ಗುರುತು, ಬಣ್ಣದ ಶೇಷ ಉಳಿದಿರುವ ಸಾಧ್ಯತೆ ಇರುತ್ತದೆ.

ಆ ಕಾಲದ ಅಳತೆಗೋಲಿನಿಂದಲೇ ಆ ಕಾಲವನ್ನು ಅಳೆಯಬೇಕು ಎಂಬ ಆಕ್ಷೇಪವುಂಟು. ಬ್ರಿಟಿಷ್ ಮ್ಯೂಸಿಯಂನ ಇಯಾನ್ ಜೆಂಕಿನ್ಸ್, ಅಥೆನ್ಸಿನಲ್ಲೇ 1953ರಲ್ಲಿ ಹೆಫೆಸ್ಟಸ್ ದೇಗುಲದ ಶಿಲ್ಪಪಟ್ಟಿಕೆಯನ್ನು ಉಕ್ಕಿನ ಉಳಿಗಳಿಂದ ಕೆರೆದದ್ದನ್ನು ನೆನಪಿಸಿದ್ದರು. ತಪ್ಪು ಒಂದೇ ದೇಶದ ಸೊತ್ತಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ 1938ರ ಕೆಲಸಕ್ಕೆ ಸಮರ್ಥನೆಯಾಗಲಾರದು. ಏಕೆಂದರೆ ಅದೇ ಮ್ಯೂಸಿಯಂನ ವಿಜ್ಞಾನಿ ಹೆರಾಲ್ಡ್ ಪ್ಲೆಂಡರ್‌ಲೀತ್ ಅದಕ್ಕೂ ಮೊದಲೇ ಮೆದುಸಾಬೂನು, ಅಮೋನಿಯ, ಬಟ್ಟಿಯಿಳಿಸಿದ ನೀರಿನ ಸೌಮ್ಯ ವಿಧಾನವನ್ನು ಸೂಚಿಸಿದ್ದರು. ಮುರಿದದ್ದು ಆ ಕಾಲದ್ದೇ ನಿಯಮ.

ಹಾಗಾದರೆ ಹಳೆಯ ಶಿಲ್ಪವನ್ನು ಮುಟ್ಟದೆ ಬಿಡುವುದೇ ಕ್ಷೇಮವೇ? ಅದೂ ಅಲ್ಲ. ಅಥೆನ್ಸಿನ ಗಾಳಿಯ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಅಮೃತಶಿಲೆಯ ಮೈಯನ್ನೇ ಜಿಪ್ಸಮ್ ಆಗಿಸಿತು. ಮಸಿ ಹಿಡಿದಿಟ್ಟುಕೊಂಡು ಕಪ್ಪಗಾದ ಆ ಹೊಪ್ಪಳಿಕೆ ಕಳಚಿದರೆ ಶಿಲ್ಪದ ಮೂಗು, ಬೆರಳುಗಳೂ ಸವೆಯುತ್ತವೆ. ಆದ್ದರಿಂದ ಪ್ರಶ್ನೆ ಎಲ್ಲಿ ನಿಲ್ಲಿಸಬೇಕು ಎಂಬುದು. ಕ್ರೀಟ್ ದ್ವೀಪದ ಸಂಶೋಧನಾ ಸಂಸ್ಥೆ ರೂಪಿಸಿದ ಲೇಸರ್ ಉಪಕರಣದ ಮಹತ್ವ ಇಲ್ಲಿದೆ. ಅವಕೆಂಪು ಕಿರಣವೊಂದನ್ನೇ ಬಳಸಿದರೆ ಕಲ್ಲು ಹಳದಿಯಾಗಿ ಕಾಣುತ್ತದೆ, ಅತಿನೇರಳೆಯೊಂದನ್ನೇ ಬಳಸಿದರೆ ಬೂದು ಛಾಯೆ ಉಳಿಯುತ್ತದೆ. ಎರಡನ್ನೂ ಹದವಾಗಿ ಬೆರೆಸಿದಾಗ ಮಸಿ ಹೋಗಿ ಹೊಂಬಣ್ಣದ ಪದರ ಹಾಗೇ ನಿಲ್ಲುತ್ತದೆ. ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಎರೆಕ್ಥಿಯಾನ್ ದೇಗುಲದ ಸ್ತಂಭಕನ್ಯೆಯರ ಮೇಲೆ ಈ ಕೆಲಸ ಪ್ರೇಕ್ಷಕರ ಎದುರಿಗೇ ನಡೆಯಿತು. ನನಗೆ ಆ ಬಹಿರಂಗತೆ ಉಪಕರಣದಷ್ಟೇ ಮುಖ್ಯವೆನಿಸುತ್ತದೆ. 1938ರ ಪ್ರಕರಣದ ವಿವರಗಳು ಪೂರ್ತಿಯಾಗಿ ಚರ್ಚೆಗೆ ಬರಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ತಾಜ್‌ಮಹಲಿನ ಗೋಡೆಗೆ ಮುಲ್ತಾನಿ ಮಿಟ್ಟಿ ಮೆತ್ತಿ ತೊಳೆಯುವ ನಮ್ಮ ದೇಶದಲ್ಲೂ, ತೊಳೆಯುವ ಮುನ್ನ ಮತ್ತು ತೊಳೆದ ಮೇಲಿನ ಪರೀಕ್ಷಾ ವರದಿಗಳು ಯಾರು ಬೇಕಾದರೂ ಓದುವಂತೆ ಪ್ರಕಟವಾಗಬೇಕು.